ಮನೆ ಕಟ್ಟುವಾಗ ನಾವೇ ಕೈ ಹಾಕಿದರೆ ದುಡ್ಡು ಎಲ್ಲಿ ಉಳಿಯುತ್ತದೆ, ಎಲ್ಲಿ ಉಳಿಯುವುದಿಲ್ಲ

ಮೈಸೂರಿನ ಬೋಗಾದಿ, ದಟ್ಟಗಳ್ಳಿ ಕಡೆ ಇರಲಿ, ಮಂಡ್ಯದ ಕಲ್ಲಹಳ್ಳಿ ಕಡೆ ಇರಲಿ, ಸೈಟು ತೆಗೆದುಕೊಂಡು ಮನೆಗೆ ಕೈ ಹಾಕಿದವರು ಒಂದಲ್ಲ ಒಂದು ದಿನ ಈ ಮಾತು ಆಡಿಯೇ ಆಡುತ್ತಾರೆ: "ಸಾಮಾನಿಗೆ ಕೊಡೋದು ಸರಿ, ಕೂಲಿಗೇ ಇಷ್ಟೊಂದು ಹೋಗುತ್ತಲ್ಲ. ಒಂದಷ್ಟು ನಾವೇ ಮಾಡ್ಕೊಂಡ್ರೆ ಆಗಲ್ವಾ?" ಖಂಡಿತ ಆಗುತ್ತದೆ. ಆದರೆ ಜನ ಅಂದುಕೊಳ್ಳುವ ಜಾಗದಲ್ಲಿ ದುಡ್ಡು ಉಳಿಯುವುದಿಲ್ಲ. ಗಾರೆ ಕೆಲಸ ಕಲಿತು ಗೋಡೆ ಕಟ್ಟಲು ಹೋದವರಿಗೆ ಉಳಿಯುವುದು ಕಮ್ಮಿ. ನೀರು ಹಾಕುವುದು, ಮಣ್ಣು ತುಂಬಿ ದಿಮ್ಮಸು ಹೊಡೆಯುವುದು, ಬಣ್ಣ ಬಳಿಯುವುದು, ಸಾಮಾನು ಎಣಿಸಿಕೊಳ್ಳುವುದು, ಮೋಲ್ಡ್ (ತಾರಸಿಯ ಕಾಂಕ್ರೀಟು) ಹಾಕುವ ದಿನ ಮಿಕ್ಸರ್ ಪಕ್ಕ ನಿಲ್ಲುವುದು, ಇಂಥವಕ್ಕೆ ಕೈ ಹಾಕಿದವರಿಗೆ ಜಾಸ್ತಿ ಉಳಿಯುತ್ತದೆ. ಯಾಕೆ ಅಂತ ಬಿಡಿಸಿ ನೋಡೋಣ.

ಉಳಿಯುವುದು ಯಾರ ಕೂಲಿ?

ಸಾಧಾರಣ ಆರ್‌ಸಿಸಿ ಮನೆಯಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲು ಕೂಲಿಗೆ ಹೋಗುತ್ತದೆ ಅನ್ನುವುದು ಕಟ್ಟಿಸುವವರ ಬಾಯಲ್ಲಿರುವ ಲೆಕ್ಕ. 10 ಚದರದ, ಅಂದರೆ ಸಾವಿರ ಚದರಡಿಯ ಮನೆಗೆ 20 ಲಕ್ಷ ಅಂತ ಸುಮ್ನೆ ಇಟ್ಟುಕೊಳ್ಳಿ. ಆರೂವರೆ ಲಕ್ಷ ಕೂಲಿಗೇ ಆಯಿತು. ಅದನ್ನು ನೋಡಿದ ಕೂಡಲೇ ಅರ್ಧ ಉಳಿಸಿಬಿಡಬಹುದು ಅನ್ನಿಸುತ್ತದೆ.

ಆದರೆ ಆ ದುಡ್ಡು ಹಂಚಿಹೋಗುವುದು ಎಷ್ಟು ಜನಕ್ಕೆ ಅಂತ ನೋಡಿ. ಗಾರೆಯವರು, ಸೆಂಟ್ರಿಂಗ್‌ನವರು (ಕಾಂಕ್ರೀಟಿಗೆ ಅಚ್ಚು, ಆಸರೆ ಕಟ್ಟುವವರು), ಕಂಬಿ ಕಟ್ಟುವವರು, ಬಡಗಿ, ಪ್ಲಂಬರ್, ಎಲೆಕ್ಟ್ರಿಷಿಯನ್, ಟೈಲ್ಸ್‌ನವರು, ಪೇಂಟರ್. ಇವರೆಲ್ಲರ ಜೊತೆಗೆ ಕೈಯಾಳುಗಳು. ಮನೆಯವರು ಕೆಲಸಕ್ಕೆ ನಿಂತಾಗ ತುಂಬುವುದು ಈ ಕೈಯಾಳಿನ ಜಾಗವನ್ನು. ಮರಳು ಜರಡಿ ಹಿಡಿಯುವುದು, ಬ್ಲಾಕು ಸಾಗಿಸುವುದು, ಕಲಸಿದ ಮಾಲನ್ನು ಬಾಂಡ್ಲಿಯಲ್ಲಿ ಹೊತ್ತು ಕೊಡುವುದು. ಹಾಗಾಗಿ ನಿಮಗೆ ಉಳಿಯುವುದು ಕೈಯಾಳಿನ ದಿನಗೂಲಿ. ಗಾರೆಯವರದ್ದು ಉಳಿಯುವುದಿಲ್ಲ. ಅಷ್ಟೇ ಅಲ್ಲ, ನೀವು ಮಾಲು ಕೊಡುವುದು ನಿಧಾನವಾಗಿ ಗಾರೆಯವರು ಕರಣೆ ಹಿಡಿದು ಕೂತರೆ, ಕೈಯಾಳಿನ ಕೂಲಿ ಉಳಿಸಲು ಹೋಗಿ ಅದಕ್ಕಿಂತ ಜಾಸ್ತಿ ಇರುವ ಗಾರೆಯವರ ಕೂಲಿ ದಂಡವಾಗುತ್ತದೆ. ದಿನಗೂಲಿ ಲೆಕ್ಕದಲ್ಲಿ ಕೆಲಸ ಮಾಡಿಸುವವರು ಇದನ್ನು ಮರೆಯಬಾರದು.

ಸರ್ಕಾರದ ಲೆಕ್ಕವೂ ಇದನ್ನೇ ಹೇಳುತ್ತದೆ. 2016ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆಯ ಮಾರ್ಗಸೂಚಿ ನೋಡಿ. ಮನೆಯನ್ನು ಫಲಾನುಭವಿಯೇ ಕಟ್ಟಿಸಿಕೊಳ್ಳಬೇಕು, ಕಾಂಟ್ರಾಕ್ಟರ್‌ಗೆ ವಹಿಸಬಾರದು ಅಂತ ಅದರಲ್ಲಿ ಬರೆದಿದ್ದರು. ಜೊತೆಗೆ ಬಯಲು ಸೀಮೆಯಲ್ಲಿ 90 ದಿನದ ಕೂಲಿಯನ್ನು ನರೇಗಾದಿಂದ ಕೊಡಬೇಕು ಅಂತಲೂ ಇತ್ತು. ಆ 90 ದಿನ ಕಸಬು ಬೇಡದ ಕೆಲಸಕ್ಕೆ. ಮೇಸ್ತ್ರಿ ಕೂಲಿ ಅದರಲ್ಲಿ ಸೇರಿಲ್ಲ. ಮನೆ ಕನಿಷ್ಠ 25 ಚದರ ಮೀಟರ್, ಅಂದರೆ 3 ಚದರಕ್ಕೂ ಕಮ್ಮಿ. ಅಷ್ಟು ಸಣ್ಣ ಮನೆಯಲ್ಲೇ 90 ದಿನದ ಕೈಯಾಳು ಕೆಲಸ ಇದೆ ಅಂದಮೇಲೆ, 10 ಚದರದ ಮನೆಯಲ್ಲಿ ಮನೆಯವರು ಮಾಡಬಹುದಾದ ಕೆಲಸಕ್ಕೆ ಬರವಿಲ್ಲ.

ಇನ್ನೊಂದು ಲೆಕ್ಕ ಬಡ್ಡಿಯದು. ಇದನ್ನು ಬಹಳ ಜನ ಹಾಕುವುದೇ ಇಲ್ಲ. 15 ಲಕ್ಷ ಗೃಹಸಾಲ, ಬಡ್ಡಿ ನೂರಕ್ಕೆ ಎಂಟೂವರೆ ಅಂತಿಟ್ಟುಕೊಳ್ಳಿ. ತಿಂಗಳ ಬಡ್ಡಿಯೇ 10,600 ರೂಪಾಯಿ ದಾಟುತ್ತದೆ. ಈಗಿರುವ ಮನೆಗೆ ಬಾಡಿಗೆ 9,000. ಎರಡೂ ಸೇರಿದರೆ ಕೆಲಸ ತಡವಾದ ಪ್ರತಿ ತಿಂಗಳಿಗೆ ಸುಮಾರು 20 ಸಾವಿರ ಕೈಬಿಟ್ಟಂತೆ. ಬ್ಯಾಂಕಿನವರು ಸಾಲವನ್ನು ಹಂತಹಂತವಾಗಿ ಬಿಡುವುದರಿಂದ ಪಾಯದ ಹೊತ್ತಿನಲ್ಲಿ ಬಡ್ಡಿ ಕಮ್ಮಿ, ಕೊನೆಕೊನೆಗೆ ಪೂರ್ತಿ. ಅಂದರೆ ಮೊದಲಲ್ಲಿ ಒಂದು ತಿಂಗಳು ತಡವಾದರೆ ಆಗುವ ನಷ್ಟಕ್ಕಿಂತ ಕೊನೆಯಲ್ಲಿ ಒಂದು ತಿಂಗಳು ತಡವಾದರೆ ಆಗುವ ನಷ್ಟ ದೊಡ್ಡದು. ಭಾನುವಾರ ಭಾನುವಾರ ಮಾತ್ರ ಕೆಲಸ ಮಾಡಿ 30 ಸಾವಿರ ಕೂಲಿ ಉಳಿಸಿ, ಗೃಹಪ್ರವೇಶವನ್ನು ಎರಡು ತಿಂಗಳು ಮುಂದೆ ಹಾಕಿದರೆ 10 ಸಾವಿರ ಕೈಯಿಂದಲೇ ಹೋಯಿತು. ಕೆಲಸಕ್ಕೆ ರಜೆ ಹಾಕಿ ಸಂಬಳ ಕಳೆದುಕೊಂಡರೆ ಅದನ್ನೂ ಇದೇ ಲೆಕ್ಕಕ್ಕೆ ಸೇರಿಸಬೇಕು. ಹಾಗಾಗಿ ಮನೆಯವರ ಕೆಲಸ ಮೇಸ್ತ್ರಿ ಕೆಲಸದ ಜೊತೆಜೊತೆಗೇ ಸಾಗಬೇಕು. ನಮ್ಮಿಂದ ಅವರು ಕಾಯುವಂತಾಗಬಾರದು.

ಮುಯ್ಯಾಳಿನ ಕಾಲದ ಗೋಡೆ ಬೇರೆ, ಇದು ಬೇರೆ

ಪಾಂಡವಪುರ, ನಾಗಮಂಗಲ, ಕೆ.ಆರ್. ಪೇಟೆ ಸೀಮೆಯ ಹಳ್ಳಿಗಳಲ್ಲಿ ಮನೆಯವರೇ ಮನೆ ಕಟ್ಟಿಕೊಳ್ಳುವುದು ಹೊಸದೇನಲ್ಲ. ಮಣ್ಣು ತುಳಿದು, ಉಂಡೆ ಮಾಡಿ, ವರಸೆ ವರಸೆಯಾಗಿ ಗೋಡೆ ಏರಿಸಿ, ಮೇಲೆ ಹೆಂಚು ಹೊದಿಸುತ್ತಿದ್ದರು. ಇವತ್ತು ನಾವು ನಿಮ್ಮ ಗೋಡೆಗೆ ಬಂದರೆ ನಾಳೆ ನೀವು ನಮ್ಮ ಗದ್ದೆ ನಾಟಿಗೆ ಬರಬೇಕು, ಹೀಗೆ ಮುಯ್ಯಾಳಿನ ಮೇಲೆ ಕೆಲಸ ನಡೆಯುತ್ತಿತ್ತು. ದುಡ್ಡು ಕೈ ಬದಲಾಗುತ್ತಲೇ ಇರಲಿಲ್ಲ.

"ಅವರು ಮಾಡಿದ್ದನ್ನು ನಾವು ಯಾಕೆ ಮಾಡಬಾರದು?" ಅಂತ ಕೇಳುವವರಿಗೆ ಒಂದು ಮಾತು. ಮಣ್ಣಿನ ಗೋಡೆ ತಪ್ಪನ್ನು ತಡೆದುಕೊಳ್ಳುತ್ತಿತ್ತು. ವಾಲಿದರೆ ಕೆತ್ತಿ ಸರಿ ಮಾಡಬಹುದಿತ್ತು, ಬಿರುಕು ಬಿಟ್ಟರೆ ಮೆತ್ತಬಹುದಿತ್ತು, ಬೇಡ ಅನ್ನಿಸಿದರೆ ಕೆಡವಿ ಅದೇ ಮಣ್ಣನ್ನು ಮತ್ತೆ ತುಳಿಯಬಹುದಿತ್ತು. ಕಾಂಕ್ರೀಟು ಹಾಗಲ್ಲ. ಕಂಬಿ ಒಂದು ಇಂಚು ಆಚೀಚೆ ಆಗಿದ್ದರೂ ಒಳಗೆ ಹೂತುಹೋದ ಮೇಲೆ ಯಾರಿಗೂ ಕಾಣುವುದಿಲ್ಲ, ಯಾರೂ ಸರಿ ಮಾಡಲೂ ಆಗುವುದಿಲ್ಲ.

ಹಾಗಾಗಿ ಯಾವ ಕೆಲಸಕ್ಕೆ ಕೈ ಹಾಕುವ ಮುಂಚೆಯೂ ಎರಡು ಪ್ರಶ್ನೆ ಕೇಳಿಕೊಳ್ಳಿ. ಕೆಟ್ಟರೆ ಕಿತ್ತು ಮತ್ತೆ ಮಾಡಬಹುದಾ? ಕೆಟ್ಟರೆ ಯಾರಿಗಾದರೂ ಪೆಟ್ಟಾಗುತ್ತದಾ?

ಮತ್ತೆ ಮಾಡಲಾಗದ, ಇಲ್ಲವೇ ಪೆಟ್ಟಾಗುವ ಕೆಲಸಗಳು ಗೊತ್ತೇ ಇವೆ. ಸೆಂಟ್ರಿಂಗ್, ಕಂಬಿ, ಕಾಲಮ್ಮು, ಬೀಮು, ಮೋಲ್ಡ್ ಇವನ್ನು ಕಸಬಿನವರೇ ಮಾಡಲಿ. ಮೋಲ್ಡನ್ನು ಶುರು ಮಾಡಿದ ಮೇಲೆ ನಡುವೆ ನಿಲ್ಲಿಸುವಂತಿಲ್ಲ. ನಿಲ್ಲಿಸಿದ ಕಡೆ ಹಳೆಯದೂ ಹೊಸದೂ ಸರಿಯಾಗಿ ಬೆಸೆಯದೆ ಮುಂದೆ ಅಲ್ಲೇ ನೀರು ಇಳಿಯುತ್ತದೆ. ಸೆಂಟ್ರಿಂಗ್ ಬಿಚ್ಚುವ ವಿಷಯದಲ್ಲೂ ಆತುರ ಬೇಡ. ಐಎಸ್ 456 ಅನ್ನುವ ನಮ್ಮ ದೇಶದ ಕಾಂಕ್ರೀಟ್ ನಿಯಮದ ಪ್ರಕಾರ ನಾಲ್ಕೂವರೆ ಮೀಟರ್‌ವರೆಗಿನ ಅಂತರದ ಮೋಲ್ಡಿಗೆ ಕೆಳಗಿನ ಆಸರೆಯನ್ನು ಕನಿಷ್ಠ 7 ದಿನ ತೆಗೆಯುವಂತಿಲ್ಲ, ಅದಕ್ಕಿಂತ ಅಗಲ ಇದ್ದರೆ 14 ದಿನ. 6 ಮೀಟರ್‌ವರೆಗಿನ ಬೀಮಿಗೂ 14 ದಿನ. ಇದು ಓಪಿಸಿ, ಅಂದರೆ ಮಾಮೂಲಿ ಸಿಮೆಂಟಿನ ಲೆಕ್ಕ. ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟು ನಿಧಾನವಾಗಿ ಬಲ ಪಡೆಯುವುದರಿಂದ ಇನ್ನೂ ಕೆಲವು ದಿನ ಕಾಯುವುದು ಒಳ್ಳೆಯದು.

ಸಂಪು, ಬಾತ್‌ರೂಮಿನ ನೀರು ಇಳಿಯದ ಲೇಪ, ಸೀಲಿಂಗ್ ಪ್ಲಾಸ್ಟರಿಂಗ್, ಇವನ್ನೂ ಬಿಟ್ಟುಬಿಡಿ. ಕರೆಂಟಿನ ವಿಷಯದಲ್ಲಂತೂ ಪ್ರಶ್ನೆಯೇ ಇಲ್ಲ. ಮೈಸೂರು, ಮಂಡ್ಯ ಎರಡೂ ಕರೆಂಟು ಕೊಡುವ ಸೆಸ್ಕ್ ಕಂಪನಿಯ ವ್ಯಾಪ್ತಿಗೆ ಬರುತ್ತವೆ. ಲೈಸೆನ್ಸ್ ಇರುವ ಎಲೆಕ್ಟ್ರಿಕಲ್ ಕಾಂಟ್ರಾಕ್ಟರ್ ಸಹಿ ಇಲ್ಲದೆ ಮೀಟರ್ ಬರುವುದಿಲ್ಲ. ಪಾಯದ ಗುಂಡಿ ತೋಡುವುದು ಸುಲಭದ ಕೆಲಸ ಅನ್ನಿಸುತ್ತದೆ. ವಿಶ್ವೇಶ್ವರಯ್ಯ ನಾಲೆಯ ಕೆಳಗಿನ ಗದ್ದೆ ಬಯಲಿನ ಪಕ್ಕದ ಸೈಟಾದರೆ ಮಣ್ಣು ತೇವ ಹಿಡಿದಿರುತ್ತದೆ, ಆಳ ಹೋದಂತೆ ಅಂಚು ಕುಸಿಯುತ್ತದೆ. ಗುಂಡಿಯೊಳಗೆ ಮನೆಯವರನ್ನು ಇಳಿಸಬೇಡಿ. ಜೆಸಿಬಿಯವರು ಗಂಟೆ ಲೆಕ್ಕದಲ್ಲಿ ಮುಗಿಸುವ ಕೆಲಸಕ್ಕೆ ವಾರಗಟ್ಟಲೆ ಗುದ್ದಲಿ ಹಿಡಿಯುವುದರಲ್ಲಿ ಲಾಭವೂ ಇಲ್ಲ.

ನೀರು ಹಾಕುವುದು

ಮನೆಯವರು ಮಾಡಬಹುದಾದ ಕೆಲಸಗಳಲ್ಲಿ ನನ್ನ ಪ್ರಕಾರ ಮೊದಲ ಜಾಗ ಇದಕ್ಕೆ. ಕ್ಯೂರಿಂಗ್ ಅನ್ನುವುದು ಇದನ್ನೇ. ಇದಕ್ಕೆ ಕಸಬು ಬೇಡ, ಶಕ್ತಿಯೂ ಅಷ್ಟಾಗಿ ಬೇಡ. ಬೇಕಾಗಿರುವುದು ದಿನಾ ತಪ್ಪದೆ ಹೋಗುವುದು. ಅದನ್ನು ಮನೆಯ ಯಜಮಾನರಷ್ಟು ಚೆನ್ನಾಗಿ ಬೇರೆ ಯಾರೂ ಮಾಡುವುದಿಲ್ಲ.

ಸಿಮೆಂಟು ಒಣಗಿ ಗಟ್ಟಿಯಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ನಿಜದಲ್ಲಿ ಅದು ನೀರಿನ ಜೊತೆ ಸೇರಿ ಗಟ್ಟಿಯಾಗುವ ವಸ್ತು. ನೀರಿನ ಅಂಶ ಇರುವಷ್ಟು ದಿನ ಒಳಗೆ ಆ ಕೆಲಸ ನಡೆಯುತ್ತಿರುತ್ತದೆ. ಒಣಗಿದ ದಿನ ನಿಂತುಹೋಗುತ್ತದೆ. ಮಾಮೂಲಿ ಓಪಿಸಿ ಸಿಮೆಂಟಿನಲ್ಲಿ 28 ದಿನಕ್ಕೆ ಬರುವ ಬಲದ ಸುಮಾರು ಮೂರನೇ ಎರಡು ಪಾಲು ಮೊದಲ 7 ದಿನದಲ್ಲೇ ಬರುತ್ತದೆ, ಹಸಿಯಾಗಿ ಇಟ್ಟಿದ್ದರೆ. ಅದಕ್ಕೇ ಐಎಸ್ 456 ಓಪಿಸಿಗೆ ಕನಿಷ್ಠ 7 ದಿನ, ಬಿಸಿಲು ಜೋರಿದ್ದರೆ 10 ದಿನ ಅನ್ನುತ್ತದೆ. ಪಿಪಿಸಿಗೆ ಕನಿಷ್ಠವೇ 10 ದಿನ, ಸಾಧ್ಯವಾದರೆ 14 ದಿನ ಅನ್ನುತ್ತದೆ. ನೀವು ತಂದಿರುವುದು ಯಾವುದು ಅಂತ ಚೀಲದ ಮೇಲೇ ಬರೆದಿರುತ್ತದೆ. ನೋಡಿಕೊಳ್ಳಿ.

ಮೋಲ್ಡಿನ ವಿಷಯದಲ್ಲಿ ಕೆಲಸ ಅದೇ ದಿನ ಸಂಜೆಗೆ ಶುರು. ಮಾರ್ಚ್, ಏಪ್ರಿಲ್ ಬಿಸಿಲು, ಜೊತೆಗೆ ಗಾಳಿ ಇದ್ದರೆ ಮೇಲ್ಮೈ ಬೇಗ ಆರಿ ಕೂದಲೆಳೆಯಂಥ ಬಿರುಕು ಏಳುತ್ತವೆ. ಉಗುರಿನಲ್ಲಿ ಒತ್ತಿದರೆ ಗುರುತು ಬೀಳದಷ್ಟು ಗಟ್ಟಿಯಾದ ಕೂಡಲೇ ಪೈಪಿನ ಬಾಯಿಗೆ ಬೆರಳಿಟ್ಟು ತುಂತುರಾಗಿ ನೀರು ಚಿಮುಕಿಸಿ. ಒಂದೇ ಕಡೆ ಜೋರಾಗಿ ಬಿಡಬೇಡಿ. ಮಾರನೇ ದಿನ ಬೆಳಿಗ್ಗೆ ತೆಳು ಗಾರೆಯಲ್ಲಿ ಗದ್ದೆಗೆ ಬದು ಹಾಕಿದ ಹಾಗೆ ಸಣ್ಣ ಸಣ್ಣ ಪಾತಿ ಕಟ್ಟಿ ನೀರು ನಿಲ್ಲಿಸಬೇಕು. ಪಾತಿ ಸಣ್ಣದಾದಷ್ಟೂ ಒಳ್ಳೆಯದು. ಒಂದು ಒಡೆದರೂ ಉಳಿದವುಗಳಲ್ಲಿ ನೀರು ನಿಂತಿರುತ್ತದೆ. 10 ಚದರದ ಮೋಲ್ಡಿನ ಮೇಲೆ ಎರಡು ಇಂಚು ನೀರು ನಿಲ್ಲಿಸಲು ಸುಮಾರು 4,700 ಲೀಟರ್ ಬೇಕು. ಹತ್ತಿರ ಹತ್ತಿರ ಒಂದು ಟ್ಯಾಂಕರ್. ಬೋರ್ ಇಲ್ಲದ ಬಡಾವಣೆಯಲ್ಲಿ ಕಟ್ಟುವವರು ಮೋಲ್ಡ್ ಹಾಕುವ ದಿನವೇ ಮಾರನೇ ದಿನದ ಟ್ಯಾಂಕರಿಗೂ ಹೇಳಿಟ್ಟಿರಬೇಕು.

ಮೋಲ್ಡು ಎಲ್ಲರ ಕಣ್ಣಿಗೂ ಬೀಳುತ್ತದೆ. ಕಾಲಮ್ಮು, ಲಿಂಟಲ್, ಸಜ್ಜಾ ಇವೇ ಬಾಯಾರಿ ನಿಲ್ಲುವುದು. ಕಾಲಮ್ಮು ನೆಟ್ಟಗೆ ನಿಂತಿರುವುದರಿಂದ ಹಾಕಿದ ನೀರು ಕ್ಷಣದಲ್ಲಿ ಇಳಿದುಹೋಗುತ್ತದೆ. ನಮ್ಮ ಚಿಕ್ಕಮ್ಮ ಹೂಟಗಳ್ಳಿಯಲ್ಲಿ ಮನೆ ಕಟ್ಟಿಸುವಾಗ ಭತ್ತದ ಹಳೇ ಗೋಣಿಚೀಲ ಬಿಚ್ಚಿ, ಪ್ರತಿ ಕಾಲಮ್ಮಿಗೂ ಬುಡದಿಂದ ತಲೆವರೆಗೆ ಸುತ್ತಿ ಸಣಬಿನ ಹುರಿಯಲ್ಲಿ ಬಿಗಿದಿದ್ದರು. ಬೆಳಿಗ್ಗೆ ತಲೆಯ ಮೇಲಿಂದ ಒಂದು ಬಿಂದಿಗೆ ನೀರು ಬಿಡುವುದು. ಮಧ್ಯಾಹ್ನ ಊಟ ತಂದಾಗ ಗೋಣಿಯ ಮೇಲೆ ಅಂಗೈ ಒತ್ತಿ ನೋಡುವುದು. ಕೈ ಒದ್ದೆಯಾಗದಿದ್ದರೆ ಇನ್ನೊಂದು ಬಿಂದಿಗೆ. ಬಿಸಿಲು ಜಾಸ್ತಿ ಬೀಳುವ ಪಡುವಣ ದಿಕ್ಕಿನ ಕಾಲಮ್ಮುಗಳಿಗೆ ಸಂಜೆ ಮತ್ತೊಂದು ಸುತ್ತು. ಕೆಲಸ ಅಂದರೆ ಇಷ್ಟೇ.

ಗೋಡೆಗೂ ಒಂದು ವಾರ ನೀರು ಬೇಕು. ಇಲ್ಲಿ ಒಂದು ಸೂಕ್ಷ್ಮ ಇದೆ. ಸುಟ್ಟ ಇಟ್ಟಿಗೆಯನ್ನು ಕಟ್ಟುವ ಮುಂಚೆ ಚೆನ್ನಾಗಿ ನೆನೆಸಬೇಕು, ಇಲ್ಲದಿದ್ದರೆ ಅದು ಗಾರೆಯಲ್ಲಿರುವ ನೀರನ್ನೆಲ್ಲ ಹೀರಿಬಿಡುತ್ತದೆ. ಸಿಮೆಂಟ್ ಬ್ಲಾಕನ್ನು ಹಾಗೆ ನೆನೆಸಬಾರದು. ನೆನೆದ ಬ್ಲಾಕು ಗೋಡೆಯಲ್ಲಿ ಕೂತ ಮೇಲೆ ಆರುತ್ತಾ ಕುಗ್ಗಿ ಬಿರುಕು ಬಿಡುತ್ತದೆ. ಕೂರಿಸುವ ಮೈಯನ್ನು ಸ್ವಲ್ಪ ತೇವ ಮಾಡಿದರೆ ಸಾಕು. ಒಳ್ಳೆ ಮನಸ್ಸಿನಿಂದ ರಾತ್ರಿಯಿಡೀ ಬ್ಲಾಕಿನ ರಾಶಿಗೆ ಪೈಪು ಬಿಟ್ಟು ಹೋಗುವವರನ್ನು ನೋಡಿದ್ದೇನೆ. ಅದರಿಂದ ಉಪಕಾರವಿಲ್ಲ.

ಪಾಯದೊಳಗಿನ ಮಣ್ಣು

ಪಾಯ ಎದ್ದು, ಪ್ಲಿಂತ್ ಮಟ್ಟಕ್ಕೆ, ಅಂದರೆ ಮನೆಯ ನೆಲದ ಮಟ್ಟಕ್ಕೆ ಬಂದ ಮೇಲೆ ಒಳಗಡೆ ಮಣ್ಣು ತುಂಬಬೇಕು. ಹೆಚ್ಚಿನ ಕಡೆ ಏನಾಗುತ್ತದೆ ಅಂದರೆ, ಟ್ರ್ಯಾಕ್ಟರಿನವರು ಸುರಿದು ಹೋಗುತ್ತಾರೆ, ಜೆಸಿಬಿಯವರು ಒಮ್ಮೆಲೇ ತಳ್ಳುತ್ತಾರೆ, ಮೇಲೆ ಒಂದಿಷ್ಟು ನೀರು ಬಿಟ್ಟು "ಕೂತ್ಕೊಳ್ಳುತ್ತೆ ಬಿಡಿ ಸಾರ್" ಅನ್ನುತ್ತಾರೆ. ಕೂತುಕೊಳ್ಳುತ್ತದೆ, ನಿಜ. ನೀವು ಟೈಲ್ಸ್ ಹಾಕಿಸಿ ಎರಡು ವರ್ಷ ಆದ ಮೇಲೆ ಕೂತುಕೊಳ್ಳುತ್ತದೆ. ಆಗ ನೆಲ ಟೊಳ್ಳು ಸದ್ದು ಮಾಡುತ್ತದೆ, ಗೋಡೆ ಮೂಲೆಯಲ್ಲಿ ಸ್ಕರ್ಟಿಂಗ್ ಕೆಳಗೆ ಸಂದು ಬಿಡುತ್ತದೆ. ಕಿತ್ತು ಮಾಡಿಸುವ ಖರ್ಚು ಎಷ್ಟು ಅಂತ ಟೈಲ್ಸ್‌ನವರನ್ನು ಕೇಳಿ.

ಸರಿಯಾದ ಕ್ರಮದಲ್ಲಿ ಕಷ್ಟ ಏನಿಲ್ಲ, ತಾಳ್ಮೆ ಬೇಕು ಅಷ್ಟೇ. ಆರರಿಂದ ಎಂಟು ಇಂಚು ಮಣ್ಣು ಹರಡಿ. ಕಲ್ಲು, ಬೇರು, ಮರದ ಚೂರು, ಪ್ಲಾಸ್ಟಿಕ್ ಆರಿಸಿ ಹೊರಗೆ ಹಾಕಿ. ಮರದ ಚೂರು ಉಳಿದರೆ ಗೆದ್ದಲಿಗೆ ದಾರಿ ಮಾಡಿಕೊಟ್ಟಂತೆ. ಮೇಲೆ ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು, ಕೈಗೆ ಕೆಸರು ಅಂಟಬಾರದು, ಅಷ್ಟು ಹದ. ಆಮೇಲೆ ದಿಮ್ಮಸು ಹೊಡೆಯಿರಿ. ನಡುವಿನ ಜಾಗಕ್ಕೆ ಬಾಡಿಗೆ ಯಂತ್ರ ತಂದರೆ ಬೇಗ ಆಗುತ್ತದೆ. ಗೋಡೆಯಂಚಿಗೆ, ಮೂಲೆಗೆ ಕೈ ದಿಮ್ಮಸೇ ಆಗಬೇಕು. ಹಿಮ್ಮಡಿ ಒತ್ತಿದರೆ ಇಳಿಯದಷ್ಟು ಗಟ್ಟಿಯಾದ ಮೇಲೆ ಮುಂದಿನ ವರಸೆ. ಹೊಸ ಪಾಯದ ಗೋಡೆಯ ಗಾರೆ ಇನ್ನೂ ಹಸಿ ಇರುವಾಗ ಒಂದೇ ಬದಿಗೆ ಮಣ್ಣು ಒತ್ತಬೇಡಿ. ಗೋಡೆ ಹೊರಗೆ ವಾಲುತ್ತದೆ.

ಮಣ್ಣು ಯಾವುದಾದರೂ ಆಗುವುದಿಲ್ಲ. ಗ್ರಾವಲ್ ಮಣ್ಣು ಒಳ್ಳೆಯದು. ಮಂಡ್ಯ ಕಡೆ ಗದ್ದೆ ಮಣ್ಣು, ಎರೆಮಣ್ಣು ಸುಲಭವಾಗಿ ಸಿಗುತ್ತದೆ ಅಂತ ತುಂಬುವವರಿದ್ದಾರೆ. ಅದು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಅದರ ಮೇಲೆ ಯಾವ ನೆಲವೂ ನಿಲ್ಲುವುದಿಲ್ಲ.

ಮುಯ್ಯಾಳಿಗೆ ಈಗಲೂ ಹೇಳಿ ಮಾಡಿಸಿದ ಕೆಲಸ ಇದು. ಅಣ್ಣತಮ್ಮಂದಿರು, ಭಾವಮೈದುನರು, ಬೀದಿಯ ಹುಡುಗರು ಒಂದೆರಡು ಭಾನುವಾರ ಸೇರಿದರೆ ಮುಗಿಯುತ್ತದೆ. ಮಧ್ಯಾಹ್ನಕ್ಕೆ ಮುದ್ದೆ, ಬಾಡಿನ ಸಾರು ಮಾಡಿಸಿ. ಅವರ ಮನೆ ಕೆಲಸಕ್ಕೆ ನೀವೂ ಹೋಗಿ. ಹೋಗದವರಿಗೆ ಎರಡನೇ ಸಲ ಯಾರೂ ಬರುವುದಿಲ್ಲ.

ಮೋಲ್ಡಿನ ದಿನ ಮಿಕ್ಸರ್ ಪಕ್ಕ

ಅವತ್ತು ಬಾಂಡ್ಲಿ ಹೊರುವುದಕ್ಕಿಂತ ಅಳತೆ ನೋಡುವುದೇ ದೊಡ್ಡ ಕೆಲಸ. ಒಂದು ಚೀಲ ಸಿಮೆಂಟು 50 ಕೆಜಿ. ಅದರ ಅಳತೆ ಒಂದೂಕಾಲು ಘನ ಅಡಿ. ಒಂದಡಿ ಉದ್ದ, ಒಂದಡಿ ಅಗಲ, 15 ಇಂಚು ಎತ್ತರದ ಪೆಟ್ಟಿಗೆ ಮಾಡಿಸಿದರೆ ಒಂದು ಪೆಟ್ಟಿಗೆ ಒಂದು ಚೀಲಕ್ಕೆ ಸಮ. ಎಂ20 ಅನ್ನುವ ದರ್ಜೆಯ ಕಾಂಕ್ರೀಟಿಗೆ ಒಂದು ಚೀಲ ಸಿಮೆಂಟಿಗೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಎಂ ಸ್ಯಾಂಡ್ ಆದರೂ ಅದೇ ಅಳತೆ. ಬಾಂಡ್ಲಿ ಲೆಕ್ಕದಲ್ಲಿ ಹಾಕಿದರೆ ಮಧ್ಯಾಹ್ನದ ಹೊತ್ತಿಗೆ ಸುಸ್ತಾದ ಕೈಗಳಲ್ಲಿ ಆ ಲೆಕ್ಕ ಸಡಿಲವಾಗುತ್ತದೆ.

ನೀರು ಚೀಲಕ್ಕೆ 25ರಿಂದ 27 ಲೀಟರ್. ಮರಳು ಒದ್ದೆ ಇದ್ದರೆ ಇನ್ನೂ ಕಮ್ಮಿ. ಕೆಲಸದವರು ಜಾಸ್ತಿ ನೀರು ಸುರಿಯುವುದಕ್ಕೆ ಕಾರಣ ಇದೆ. ತೆಳುವಾದ ಕಾಂಕ್ರೀಟು ಸುಲಭವಾಗಿ ಹರಿಯುತ್ತದೆ, ತೋಳು ನೋಯುವುದಿಲ್ಲ. ಆದರೆ ಹೆಚ್ಚಿಗೆ ಹಾಕಿದ ನೀರು ಆರಿಹೋದ ಮೇಲೆ ಅದಿದ್ದ ಜಾಗ ಖಾಲಿ ಉಳಿಯುತ್ತದೆ. ಮಳೆ ನೀರು ಒಳಗೆ ಇಳಿಯುವುದು ಅಲ್ಲಿಂದಲೇ. ಅಳತೆಯ ಬಕೆಟ್ ಹಿಡಿದು ಪ್ರತಿ ಸುತ್ತಿಗೂ ನೀರು ಹಾಕುವ ಕೆಲಸವನ್ನು ಮನೆಯವರೊಬ್ಬರು ವಹಿಸಿಕೊಳ್ಳಿ. ಜಗಳ ಆಡಬೇಕಿಲ್ಲ. ಬಕೆಟ್ ನಿಮ್ಮ ಕೈಯಲ್ಲಿದ್ದರೆ ಸಾಕು.

ಬೀಮು ಬಿಟ್ಟು, 10 ಚದರದ ಐದು ಇಂಚಿನ ಮೋಲ್ಡಿಗೆ ಈ ಅಳತೆಯಲ್ಲಿ 95 ಚೀಲದ ಆಸುಪಾಸು ಸಿಮೆಂಟು ಹಿಡಿಯುತ್ತದೆ. ಸಂಜೆ ಖಾಲಿ ಚೀಲ ಎಣಿಸಿ. 75ಕ್ಕೇ ಮುಗಿದಿದ್ದರೆ ಸಿಮೆಂಟು ಉಳಿಯಿತು ಅಂತ ಖುಷಿಪಡಬೇಡಿ, ಎಲ್ಲೋ ಅಳತೆ ತಪ್ಪಿದೆ.

ಕಂಬಿ ತೂಕಕ್ಕೂ ಸುಲಭದ ಲೆಕ್ಕ ಇದೆ. ಕಂಬಿಯ ದಪ್ಪವನ್ನು ಮಿಲಿಮೀಟರಿನಲ್ಲಿ ಅದರಿಂದಲೇ ಗುಣಿಸಿ, 162ರಿಂದ ಭಾಗಿಸಿದರೆ ಒಂದು ಮೀಟರಿನ ತೂಕ ಕೆಜಿಯಲ್ಲಿ ಬರುತ್ತದೆ. 12 ಎಂಎಂ ಕಂಬಿಗೆ 144 ಭಾಗಿಸು 162, ಅಂದರೆ ಸುಮಾರು 0.89 ಕೆಜಿ. ಕಂಬಿ ಬರುವುದು 12 ಮೀಟರ್ ಉದ್ದದಲ್ಲಿ. ಒಂದಕ್ಕೆ ಹತ್ತಿರ ಹತ್ತಿರ 10.7 ಕೆಜಿ. ಲಾರಿ ಬಂದಾಗ ಕಂಬಿ ಎಣಿಸಿ ಗುಣಿಸಿ, ಬಿಲ್ಲಿನ ಪಕ್ಕ ಇಟ್ಟು ನೋಡಿ. ಅರ್ಧ ಗಂಟೆಯ ಕೆಲಸ. ಒಂದು ಟನ್ನಿನಲ್ಲಿ 50 ಕೆಜಿ ಕಮ್ಮಿ ಬಂದಿದ್ದರೆ ಅದೇ ನಾಲ್ಕೈದು ಕಂಬಿಯ ದುಡ್ಡು.

ಬ್ಲಾಕು ಹೊರುವ ಮುಂಚೆ

16 ಇಂಚು ಉದ್ದ, 8 ಇಂಚು ಎತ್ತರ, 6 ಇಂಚು ದಪ್ಪದ ಸಾಲಿಡ್ ಬ್ಲಾಕು ಸುಮಾರು 25 ಕೆಜಿ ತೂಗುತ್ತದೆ. ಹತ್ತಡಿಗೆ ಹತ್ತಡಿ ಗೋಡೆಗೆ 110ಕ್ಕೂ ಮೇಲೆ ಬ್ಲಾಕು ಬೇಕು. ಅಂದರೆ ಒಂದು ಗೋಡೆಗೇ ಎರಡೂಮುಕ್ಕಾಲು ಟನ್. ಆಫೀಸಿನಲ್ಲಿ ಕೂತು ಕೆಲಸ ಮಾಡುವ ಬೆನ್ನಿಗೆ ಇದು ಸಲ್ಲದ ಭಾರ. ಬೆನ್ನು ಹಿಡಿದುಕೊಂಡು ವೈದ್ಯರ ಹತ್ತಿರ ಹೋದರೆ ಉಳಿಸಿದ್ದೆಲ್ಲ ಅಲ್ಲಿಗೆ. ಇದನ್ನು ಕೂಲಿಯವರಿಗೇ ಬಿಡಿ. ಗೋಡೆ ಕಟ್ಟಲೇಬೇಕು ಅನ್ನುವ ಆಸೆ ಇದ್ದರೆ ಹಿತ್ತಲಿನ ಕಟ್ಟೆ, ಗಿಡದ ಪಾತಿಯ ಸುತ್ತಿನ ಎರಡಡಿ ಗೋಡೆ ಕಟ್ಟಿ ಕೈ ಪಳಗಿಸಿ.

ಹಳ್ಳಿ ಕಡೆ ಜಾಗ, ಸಮಯ ಎರಡೂ ಇರುವವರಿಗೆ ಬೇರೆ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಕೇಂದ್ರದವರು ಕೈಯಿಂದ ಒತ್ತುವ ಯಂತ್ರದಲ್ಲಿ ಸಿಮೆಂಟ್ ಬೆರೆಸಿದ ಮಣ್ಣಿನ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿದರು. ಮಣ್ಣಿಗೆ ನೂರಕ್ಕೆ ಏಳೆಂಟು ಪಾಲು ಸಿಮೆಂಟು ಬೆರೆಸಿ, ಸ್ವಲ್ಪ ತೇವ ಮಾಡಿ, ಒತ್ತಿ ತೆಗೆದು, ಮೂರ್ನಾಲ್ಕು ವಾರ ನೆರಳಿನಲ್ಲಿ ಹಸಿಯಾಗಿ ಇಟ್ಟರೆ ಇಟ್ಟಿಗೆ ತಯಾರು. ಸುಡುವ ಕೆಲಸವೇ ಇಲ್ಲ. ಕೆಮ್ಮಣ್ಣು ಇದಕ್ಕೆ ಒಗ್ಗುತ್ತದೆ. ಮರಳಿನ ಅಂಶ ಕಮ್ಮಿ ಇದ್ದರೆ ಕ್ರಷರ್ ಪುಡಿ ಸೇರಿಸಬೇಕು. ಎರೆಮಣ್ಣು ಬೇಡ. 9 ಇಂಚು ಉದ್ದದ ಒಂದು ಇಟ್ಟಿಗೆ ಸುಮಾರು 8 ಕೆಜಿ, ಹೆಂಗಸರೂ ದೊಡ್ಡ ಮಕ್ಕಳೂ ಎತ್ತಬಹುದು. ಒಬ್ಬರು ತೂಗಿ ಕೊಟ್ಟು, ಇಬ್ಬರು ಒತ್ತಿ, ಇನ್ನೊಬ್ಬರು ಜೋಡಿಸುವ ಈ ಕೆಲಸ ಮನೆಮಂದಿಗೆ ಚೆನ್ನಾಗಿ ಒಪ್ಪುತ್ತದೆ. ಒಂದೇ ಷರತ್ತು, ಮಣ್ಣನ್ನು ಮೊದಲು ಪರೀಕ್ಷೆ ಮಾಡಿಸಿ, ಗೊತ್ತಿರುವ ಇಂಜಿನಿಯರ್ ಹತ್ತಿರ ಗೋಡೆಯ ದಪ್ಪ ಬರೆಸಿಕೊಂಡೇ ಶುರು ಮಾಡಿ.

ಬಣ್ಣ

ಕೆಟ್ಟರೆ ಮತ್ತೆ ಮಾಡಬಹುದಾದ ಕೆಲಸಗಳಲ್ಲಿ ಬಣ್ಣಕ್ಕಿಂತ ಒಳ್ಳೆಯದು ಬೇರೆ ಇಲ್ಲ. 10 ಚದರದ ಮನೆಯಲ್ಲಿ ಸೀಲಿಂಗೂ ಸೇರಿ ಒಳಗಡೆ 3,000 ಚದರಡಿ ಅಂತಿಟ್ಟುಕೊಳ್ಳಿ. ಪುಟ್ಟಿ ಎರಡು ಸಲ, ಪ್ರೈಮರ್ ಒಂದು, ಬಣ್ಣ ಎರಡು. 15,000 ಚದರಡಿ ಕೈ ಆಡಿಸಿದಂತೆ. ನಡುವೆ ಉಜ್ಜುವುದು ಬೇರೆ. ಪೇಂಟರ್ ಕೂಲಿ ಯಾಕೆ ಅಷ್ಟಾಗುತ್ತದೆ ಅಂತ ಇದರಲ್ಲೇ ಗೊತ್ತಾಗುತ್ತದೆ.

ಪುಟ್ಟಿಯನ್ನು ಕೂಲಿಗೆ ಕೊಟ್ಟು, ಪ್ರೈಮರ್ ಮತ್ತು ಬಣ್ಣವನ್ನು ಮನೆಯವರು ಮಾಡುವುದು ಸರಿಯಾದ ಹಂಚಿಕೆ ಅನ್ನುವುದು ನನ್ನ ಅಭಿಪ್ರಾಯ. ಪುಟ್ಟಿ ಪಟ್ಟಿ ಹಿಡಿಯುವುದಕ್ಕೆ ಕೈ ಪಳಗಿರಬೇಕು, ಅಲೆ ಅಲೆಯಾದರೆ ಸಂಜೆ ಲೈಟ್ ಹಾಕಿದಾಗ ಎಲ್ಲ ಎದ್ದು ಕಾಣುತ್ತದೆ. ರೋಲರ್ ಹಿಡಿಯುವುದು ಒಂದು ಮಧ್ಯಾಹ್ನದಲ್ಲಿ ಬರುತ್ತದೆ. ಮೊದಲು ಸೀಲಿಂಗ್, ಆಮೇಲೆ ಗೋಡೆ. ಹೊಸ ಪ್ಲಾಸ್ಟರ್ ಚೆನ್ನಾಗಿ ಆರಲು ಕನಿಷ್ಠ ನಾಲ್ಕು ವಾರ ಬಿಡಿ. ಹಸಿ ಗೋಡೆಯ ಮೇಲೆ ಬಳಿದ ಬಣ್ಣ ಬೊಬ್ಬೆ ಬರುತ್ತದೆ, ಬಿಳಿ ಉಪ್ಪು ಹೊರಗೆ ಹೂವಾಗಿ ಏಳುತ್ತದೆ. ಉಜ್ಜುವಾಗ ಮೂಗು ಬಾಯಿಗೆ ಮಾಸ್ಕ್ ಇರಲೇಬೇಕು. ಹೊರಗೋಡೆಗೆ ಸಾರುವೆ ಏರಬೇಕು, ಅದನ್ನು ಪೇಂಟರಿಗೇ ಬಿಡಿ. ಕಿಟಕಿ ಗ್ರಿಲ್ಲನ್ನು ಕೂರಿಸುವ ಮುಂಚೆಯೇ ಅಂಗಳದಲ್ಲಿ ಹಾಕಿಕೊಂಡು ಎರಡೂ ಕಡೆ ರೆಡ್ ಆಕ್ಸೈಡ್ ಬಳಿದರೆ ಗೋಡೆಯೊಳಗೆ ಹೋಗುವ ತುದಿಗೂ ಬಣ್ಣ ಸಿಗುತ್ತದೆ. ಕೂರಿಸಿದ ಮೇಲೆ ಅಲ್ಲಿಗೆ ಬ್ರಶ್ ಹೋಗುವುದಿಲ್ಲ.

ಇನ್ನೊಂದು ಖರ್ಚಿಲ್ಲದ ಕೆಲಸ ಇದಕ್ಕೂ ಮುಂಚೆಯೇ ಇದೆ. ಪ್ಲಾಸ್ಟರಿಂಗ್ ಮಾಡುವ ಹಿಂದಿನ ದಿನ ಪ್ರತಿ ಗೋಡೆಯ ಮೇಲೂ ಟೇಪ್ ಹಿಡಿದು, ವೈರಿಂಗ್ ಪೈಪು, ನೀರಿನ ಪೈಪು ಎಲ್ಲಿ ಹೋಗಿದೆ ಅಂತ ಫೋಟೋ ತೆಗೆದಿಡಿ. ಮುಂದೆ ಮೊಳೆ ಹೊಡೆಯುವಾಗ ಪೈಪು ತೂತಾಗುವುದು ತಪ್ಪುತ್ತದೆ.

ಮೇಸ್ತ್ರಿ ಜೊತೆ ಮಾತು

ಇಷ್ಟೆಲ್ಲ ಮಾಡಿಯೂ ಒಂದು ರೂಪಾಯಿ ಉಳಿಯದೆ ಹೋಗುವುದು ಸಾಧ್ಯ. ಲೇಬರ್ ಕಾಂಟ್ರಾಕ್ಟ್ ಅಂದರೆ ಚದರಕ್ಕೆ ಇಷ್ಟು ಅಂತ ಒಂದೇ ದರ. ಒಪ್ಪಂದ ಆದ ಮೇಲೆ ನೀವು ಮಣ್ಣು ತುಂಬಿದರೂ ದರ ಇಳಿಯುವುದಿಲ್ಲ. ಮೇಸ್ತ್ರಿಯವರ ಖರ್ಚು ಉಳಿಯುತ್ತದೆ, ನಿಮ್ಮದಲ್ಲ. ಆದ್ದರಿಂದ ಗುದ್ದಲಿ ಪೂಜೆಗೂ ಮುಂಚೆ ಕೂತು ಮಾತಾಡಬೇಕು. "ಪಾಯದ ಮಣ್ಣು ನಾವು ತುಂಬ್ಕೊತೀವಿ, ಕ್ಯೂರಿಂಗ್ ನಮ್ದು, ಬಣ್ಣ ನಿಮ್ಮ ಲೆಕ್ಕಕ್ಕೆ ಬೇಡ. ಇದನ್ನು ಬಿಟ್ಟು ಚದರಕ್ಕೆ ಎಷ್ಟು ಹೇಳ್ತೀರಿ ಮೇಸ್ತ್ರಿ?" ಅಂತ ನೇರವಾಗಿ ಕೇಳಿ. ಮೊದಲೇ ಕೇಳಿದರೆ ಯಾರಿಗೂ ಬೇಜಾರಿಲ್ಲ. ಕ್ಯೂರಿಂಗ್ ಮಾಲೀಕರದ್ದೇ ಅಂತ ಮೊದಲೇ ಹಿಡಿದು ದರ ಹೇಳುವ ಮೇಸ್ತ್ರಿಗಳೂ ಇದ್ದಾರೆ. ಅಂಥ ಕಡೆ ಅದಕ್ಕೆ ರಿಯಾಯಿತಿ ಕೇಳುವುದು ನ್ಯಾಯವಲ್ಲ.

ತಿಂಗಳನ್ನೂ ನೋಡಿಕೊಳ್ಳಿ. ಮಂಡ್ಯದಲ್ಲಿ ಜುಲೈ, ಆಗಸ್ಟ್ ಹೊತ್ತಿಗೆ ನಾಟಿ ಶುರುವಾದರೆ ಕೈಯಾಳುಗಳು ಗದ್ದೆಗೆ ಹೋಗುತ್ತಾರೆ. ಕಬ್ಬು ಕಡಿಯುವಾಗಲೂ ಹಾಗೇ. ಯುಗಾದಿ, ದಸರಾ ಬಂದರೆ ಊರಿಗೆ ಹೋದವರು ಹೇಳಿದ ದಿನಕ್ಕೆ ವಾಪಸು ಬರುವುದು ಅಪರೂಪ. ನಿಮ್ಮ ಮನೆಯವರ ಕೈಗೆ ಜಾಸ್ತಿ ಬೆಲೆ ಬರುವುದು ಅಂಥ ವಾರಗಳಲ್ಲೇ. ಮಣ್ಣು ತುಂಬುವುದನ್ನು, ಗ್ರಿಲ್ಲಿಗೆ ರೆಡ್ ಆಕ್ಸೈಡ್ ಬಳಿಯುವುದನ್ನು ಆಗ ಇಟ್ಟುಕೊಂಡರೆ ಕೆಲಸ ನಿಲ್ಲುವುದಿಲ್ಲ, ಬಡ್ಡಿಯೂ ಸುಮ್ನೆ ಓಡುವುದಿಲ್ಲ. ಮೇ ತಿಂಗಳ ಮಳೆ, ಮತ್ತೆ ಸೆಪ್ಟೆಂಬರ್, ಅಕ್ಟೋಬರ್ ಮಳೆ ನಮ್ಮ ಕಡೆ ಜೋರು. ಪಾಯದ ಗುಂಡಿ ತೆರೆದಿರುವಾಗ ಆ ಮಳೆ ಬರದಂತೆ ಶುರು ಮಾಡುವ ದಿನವನ್ನು ಗೊತ್ತು ಮಾಡಿ.

ಮಾತಾದದ್ದನ್ನು ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ. ಯಾವ ಕೆಲಸ ಯಾರದ್ದು, ಸಾಮಾನು ಸೈಟಿಗೆ ತಂದುಕೊಡುವುದು ಯಾರು, ಸೆಂಟ್ರಿಂಗ್ ಶೀಟಿನ ಬಾಡಿಗೆ ಯಾರ ಮೇಲೆ, ಯಾವ ಹಂತಕ್ಕೆ ಎಷ್ಟು ಕಂತು, ಇಷ್ಟಿದ್ದರೆ ಸಾಕು. ಕೊನೆಯ ಕಂತನ್ನು ಪ್ಲಾಸ್ಟರಿಂಗ್ ಮುಗಿದು, ಬಾಗಿಲು ಕಿಟಕಿಗಳ ಸುತ್ತ ಸಂದು ಮುಚ್ಚಿ, ತಾರಸಿ ಮೇಲೆ ನೀರು ನಿಲ್ಲಿಸಿ ನೋಡಿದ ಮೇಲೆ ಕೊಡುವುದು ಅಂತ ಅದೇ ಹಾಳೆಯಲ್ಲಿ ಸೇರಿಸಿ.